ಇಷ್ಟು ಕಣ್ಣೀರು ಯಾಕೆ? ಹಳೇ ಮೆಥಡಿಸ್ಟ್ ಹಾಡುಗಳೂ 'ನನಗೋಸ್ಕರ' ಅನ್ನುವ ಮಾತೂ

ಪ್ರಶ್ನೆ: ನಮ್ಮದು ಮೂರು ತಲೆಮಾರಿನ ಮೆಥಡಿಸ್ಟ್ ಮನೆ. ಇಂಗ್ಲಿಷ್ ಆರಾಧನೆಗೆ ಹೋದಾಗಲೆಲ್ಲ ಹದಿನೆಂಟನೇ ಶತಮಾನದ ಇಂಗ್ಲಿಷ್ ಪಾದ್ರಿ ಚಾರ್ಲ್ಸ್ ವೆಸ್ಲಿಯ ಹಾಡುಗಳನ್ನು ಹಾಡುತ್ತೇವೆ. ಕಾಲೇಜಿಗೆ ಹೋಗುವ ಮಗಳು ಮೊನ್ನೆ ಕೇಳಿದಳು: "ಅಮ್ಮ, ಈ ಹಾಡುಗಳಲ್ಲಿ ಬರೀ ರಕ್ತ, ಗಾಯ, ಕಣ್ಣೀರು. ಜೊತೆಗೆ ನಾನೊಂದು ಹುಳು ಅನ್ನೋ ಮಾತು. ಇವರಿಗೆ ನೋವು ಅಂದ್ರೆ ಇಷ್ಟಾನಾ? ನರಳದೇ ಇದ್ರೆ ದೇವರು ಸಿಗಲ್ವಾ?" ನನಗೆ ಏನು ಹೇಳಬೇಕೋ ತೋಚಲಿಲ್ಲ. ಆ ಕಾಲದವರು ನಿಜವಾಗಿ ಏನು ಅಂದುಕೊಂಡಿದ್ದರು?

ಉತ್ತರ: ಮೊದಲಿಗೆ, ಮಗಳ ಮೇಲೆ ಬೇಜಾರು ಮಾಡಿಕೊಳ್ಳಬೇಡಿ. ಅವಳು ಕೇಳಿದ್ದನ್ನೇ ದೊಡ್ಡ ಇತಿಹಾಸಕಾರರೂ ಕೇಳಿದ್ದಾರೆ. ಇಂಗ್ಲೆಂಡಿನ ಕಾರ್ಮಿಕರ ಬಗ್ಗೆ 1963ರಲ್ಲಿ ದಪ್ಪ ಪುಸ್ತಕ ಬರೆದ ಇ.ಪಿ. ಥಾಮ್ಸನ್, ಮೆಥಡಿಸ್ಟರ ಹಾಡುಗಳಲ್ಲಿನ ರಕ್ತ, ಗಾಯದ ಮಾತುಗಳನ್ನು ಹೆಚ್ಚುಕಡಿಮೆ ಮನಸ್ಸಿನ ಕಾಯಿಲೆ ಅನ್ನುವ ಧಾಟಿಯಲ್ಲೇ ಜರಿದರು. ತಮಾಷೆ ಅಂದರೆ ಥಾಮ್ಸನ್ನರ ತಂದೆ ಬಂಗಾಳದಲ್ಲಿ ಮೆಥಡಿಸ್ಟ್ ಮಿಷನರಿಯಾಗಿದ್ದವರು. ಮಗ ಓದಿದ್ದು ಚಾರ್ಲ್ಸ್‌ನ ಅಣ್ಣ, ಮೆಥಡಿಸ್ಟ್ ಪಂಥ ಕಟ್ಟಿದ ಜಾನ್ ವೆಸ್ಲಿ 1748ರಲ್ಲಿ ಶುರು ಮಾಡಿದ ಕಿಂಗ್ಸ್‌ವುಡ್ ಶಾಲೆಯಲ್ಲಿ. ಈ ಹಾಡುಗಳ ನಡುವೆ ಬೆಳೆದವರಿಗೇ ಈ ಕಿರಿಕಿರಿ ಜಾಸ್ತಿ, ಅಲ್ವಾ?

ಈಗ ವಿಷಯಕ್ಕೆ ಬರುತ್ತೇನೆ. ನೋವು ಅನ್ನುವುದು ದೇವರಿಗೆ ಕೊಡಬೇಕಾದ ಬೆಲೆ ಅಂತ ಈ ಹಾಡುಗಳು ಹೇಳುವುದಿಲ್ಲ. ಹಾಗೆ ನಂಬಿ ಒಂಬತ್ತು ವರ್ಷ ಒದ್ದಾಡಿ, ಸೋತು ಕೈಚೆಲ್ಲಿದವರು ಬರೆದ ಹಾಡುಗಳು ಇವು. ಅಲ್ಲಿಂದಲೇ ಶುರು ಮಾಡೋಣ.

ಆಕ್ಸ್‌ಫರ್ಡ್‌ನಲ್ಲಿ 1729ರ ಸುಮಾರಿಗೆ ವೆಸ್ಲಿ ಸಹೋದರರು ಮತ್ತು ಒಂದಷ್ಟು ಗೆಳೆಯರು ಸೇರಿ ಒಂದು ಗುಂಪು ಕಟ್ಟಿಕೊಂಡರು. ವಾರಕ್ಕೆ ಎರಡು ದಿನ ಉಪವಾಸ. ಗಂಟೆ ಲೆಕ್ಕದಲ್ಲಿ ಪ್ರಾರ್ಥನೆ. ಜೈಲಿಗೆ ಹೋಗಿ ಕೈದಿಗಳನ್ನು ನೋಡಿ ಬರುವುದು. ಎಲ್ಲದಕ್ಕೂ ಒಂದು ಕ್ರಮ, ಒಂದು ವಿಧಾನ. ಅದನ್ನು ನೋಡಿ ಉಳಿದ ಹುಡುಗರು ಆಡಿಕೊಂಡು ಇಟ್ಟ ಅಡ್ಡಹೆಸರೇ 'ಮೆಥಡಿಸ್ಟ್'. ಗುಂಪಿನ ಒಬ್ಬ ಹುಡುಗ 1732ರಲ್ಲಿ ತೀರಿಕೊಂಡಾಗ, ಉಪವಾಸ ಮಾಡಿ ಮಾಡಿಯೇ ಸತ್ತ ಅಂತ ಊರೆಲ್ಲ ಮಾತಾಡಿತು. ಅಂದರೆ, ಮೈಯನ್ನು ದಂಡಿಸಿ ದೇವರನ್ನು ಒಲಿಸುವ ದಾರಿ ಇವರಿಗೆ ಚೆನ್ನಾಗಿ ಗೊತ್ತಿತ್ತು. ನಡೆದು ನೋಡಿದ್ದರು. ಗಿಟ್ಟಲಿಲ್ಲ.

ಆಮೇಲೆ ಇಬ್ಬರೂ ಅಮೆರಿಕದ ಜಾರ್ಜಿಯಾಗೆ ಹಡಗು ಹತ್ತಿದರು. 1736ರ ಜನವರಿಯಲ್ಲಿ ನಡುಗಡಲಲ್ಲಿ ಬಿರುಗಾಳಿ ಎದ್ದಿತು. ದೊಡ್ಡ ಹಾಯಿ ಹರಿದುಹೋಯಿತು. ಇಂಗ್ಲಿಷರೆಲ್ಲ ಕಿರುಚಾಡುತ್ತಿದ್ದರೆ, ಅದೇ ಹಡಗಿನಲ್ಲಿದ್ದ ಮೊರಾವಿಯನ್ನರು ಅನ್ನುವ ಜರ್ಮನ್ ಪ್ರೊಟೆಸ್ಟಂಟ್ ಪಂಗಡದವರು ಸುಮ್ನೆ ತಮ್ಮ ಹಾಡನ್ನು ಮುಂದುವರಿಸಿದರು. ನಿಮಗೆ ಭಯ ಆಗಲಿಲ್ಲವಾ ಅಂತ ಜಾನ್ ಆಮೇಲೆ ಕೇಳಿದ. ಇಲ್ಲ ಅಂದರು. ಹೆಂಗಸರು ಮಕ್ಕಳಿಗೆ? ನಮ್ಮ ಹೆಂಗಸರು ಮಕ್ಕಳಿಗೂ ಸಾವಿನ ಭಯ ಇಲ್ಲ ಅಂದರು. ಈ ಉತ್ತರ ಅವನನ್ನು ಎರಡು ವರ್ಷ ಚುಚ್ಚುತ್ತಲೇ ಇತ್ತು.

ಮುಂದಿನದು 1738ರ ಮೇ ತಿಂಗಳು. ತಮ್ಮ ಚಾರ್ಲ್ಸ್ ಲಂಡನ್ನಿನಲ್ಲಿ ಪಕ್ಕೆನೋವು, ಜ್ವರದಿಂದ ಹಾಸಿಗೆ ಹಿಡಿದಿದ್ದ. ಲಿಟಲ್ ಬ್ರಿಟನ್ ಅನ್ನುವ ಬೀದಿಯಲ್ಲಿ ಜಾನ್ ಬ್ರೇ ಎಂಬ ಕಂಚುಗಾರನ ಮನೆ. ಆಕ್ಸ್‌ಫರ್ಡ್ ಪಂಡಿತ ಅಷ್ಟೇನೂ ಓದದ ಕಂಚುಗಾರನ ಮನೆಯಲ್ಲಿ ಮಲಗಿದ್ದಾನೆ. ಮೇ 17ರಂದು ಯಾರೋ ತಂದುಕೊಟ್ಟ ಪುಸ್ತಕ ಕೈಗೆ ಬಂತು. ಬೈಬಲಿನಲ್ಲಿ ಪೌಲ ಗಲಾತ್ಯದವರಿಗೆ ಬರೆದ ಪತ್ರಿಕೆಯ ಮೇಲೆ ಜರ್ಮನಿಯ ಸುಧಾರಕ ಮಾರ್ಟಿನ್ ಲೂಥರ್ ಬರೆದ ವ್ಯಾಖ್ಯಾನ. ಅದರಲ್ಲಿ ಎರಡನೇ ಅಧ್ಯಾಯದ ಕೊನೆಯ ಮಾತು ಅವನನ್ನು ಹಿಡಿದುಬಿಟ್ಟಿತು. ನಮ್ಮ ಕನ್ನಡ ಬೈಬಲಿನಲ್ಲಿ ಅದು ಹೀಗಿದೆ: ದೇವಕುಮಾರನು ನನ್ನನ್ನು ಪ್ರೀತಿಸಿ ನನಗೋಸ್ಕರ ತನ್ನನ್ನು ಒಪ್ಪಿಸಿಬಿಟ್ಟನು. ಅದನ್ನು 'ಅನುಭವಿಸಲು' ಹೆಣಗಿದೆ, ಕಾದೆ, ಪ್ರಾರ್ಥಿಸಿದೆ ಅಂತ ಚಾರ್ಲ್ಸ್ ದಿನಚರಿಯಲ್ಲಿ ಬರೆದಿದ್ದಾನೆ. ಜಗತ್ತಿಗೋಸ್ಕರ ಅನ್ನುವುದು ಅವನಿಗೆ ಚಿಕ್ಕಂದಿನಿಂದ ಗೊತ್ತು. ತಂದೆ ಎಪ್‌ವರ್ತ್‌ನ ಪಾದ್ರಿ. ಗೊತ್ತಿಲ್ಲದ್ದು 'ನನಗೋಸ್ಕರ' ಅನ್ನುವುದು.

ನಾಲ್ಕು ದಿನ ಕಳೆಯಿತು. ಮೇ 21, ಪಂಚಾಶತ್ತಮ ದಿನದ (ಪವಿತ್ರಾತ್ಮ ಇಳಿದುಬಂದ ಹಬ್ಬದ) ಭಾನುವಾರ. ಮಲಗಿದ್ದವನಿಗೆ ಒಬ್ಬ ಹೆಂಗಸಿನ ಧ್ವನಿ ಕೇಳಿತು: ನಜರೇತಿನ ಯೇಸುವಿನ ಹೆಸರಿನಲ್ಲಿ ಎದ್ದೇಳು, ನಂಬು, ನಿನ್ನ ಬಲಹೀನತೆಗಳೆಲ್ಲ ವಾಸಿಯಾಗುತ್ತವೆ. ಹೇಳಿದ್ದು ಬ್ರೇಯ ತಂಗಿ. ಹೇಳಲೋ ಬೇಡವೋ ಅಂತ ಅವಳು ಬಹಳ ಅಳುಕಿದ್ದಳಂತೆ, ತಾನೊಬ್ಬ ಸಾಮಾನ್ಯ ಹೆಂಗಸು ಅಂತ. ಚಾರ್ಲ್ಸ್ ಎದ್ದು ಬೈಬಲ್ ತೆಗೆದ. ಕಣ್ಣಿಗೆ ಬಿದ್ದದ್ದು ಕೀರ್ತನೆಗಳು. ಮೊದಲು 39ನೆಯದರ ಒಂದು ಮಾತು, ಸ್ವಲ್ಪ ಕೆಳಗೆ 40ನೆಯದು: ಆತನು ನನ್ನ ಬಾಯಲ್ಲಿ ಹೊಸ ಹಾಡನ್ನು ಇಟ್ಟಿದ್ದಾನೆ. ಎರಡು ದಿನ ಬಿಟ್ಟು ಹಾಡು ಬರೆಯಲು ಕೂತ. ನಡುವೆ ನಿಲ್ಲಿಸಿದ, ಇದು ಜಂಭ ಆಗುತ್ತದೇನೋ ಅಂತ. ಬ್ರೇ ಬಂದು ಧೈರ್ಯ ಹೇಳಿದ ಮೇಲೆ ಮುಗಿಸಿದ. ಮಾರನೇ ದಿನ, ಮೇ 24ರ ರಾತ್ರಿ, ಅಣ್ಣ ಜಾನ್ ಆಲ್ಡರ್ಸ್‌ಗೇಟ್ ಬೀದಿಯ ಕೂಟದಲ್ಲಿ ಹೃದಯ ವಿಚಿತ್ರವಾಗಿ ಬೆಚ್ಚಗಾಯಿತು ಅಂತ ಗೆಳೆಯರ ಜೊತೆ ಇವನ ಕೋಣೆಗೆ ನುಗ್ಗಿದಾಗ, ಎಲ್ಲರೂ ಸೇರಿ ಹಾಡಿದ್ದು ಅದೇ ಹಾಡನ್ನು.

ಗಮನಿಸಿ, ಚಾರ್ಲ್ಸ್‌ನ ಮೈ ಇನ್ನೂ ಸುಸ್ತಾಗಿಯೇ ಇತ್ತು. ಬದಲಾದದ್ದು ನೋವಲ್ಲ, ನೋವಿನ ಲೆಕ್ಕ. ಇಷ್ಟು ದಿನ ತಾನು ನರಳಿ ದೇವರನ್ನು ಮುಟ್ಟಬೇಕು ಅಂದುಕೊಂಡಿದ್ದ. ಈಗ ಇನ್ನೊಬ್ಬ ನರಳಿ ತನ್ನನ್ನು ಮುಟ್ಟಿದ್ದಾನೆ ಅಂತ ತಿಳಿದ. ಹಾಡುಗಳಲ್ಲಿನ ರಕ್ತ, ಗಾಯ ಎಲ್ಲ ಈ ಎರಡನೇ ಲೆಕ್ಕಕ್ಕೆ ಸೇರಿದವು. ಅವು ಹಾಡುವವರ ಗಾಯಗಳಲ್ಲ.

ಇದು ಕೋಣೆಯಲ್ಲಿ ಕೂತು ಮಾಡಿದ ಧ್ಯಾನ ಆಗಿದ್ದರೆ ನಿಮ್ಮ ಮಗಳ ಅನುಮಾನಕ್ಕೆ ಬಲ ಇರುತ್ತಿತ್ತು. ಆದರೆ ಎರಡು ತಿಂಗಳೊಳಗೆ ಚಾರ್ಲ್ಸ್ ಲಂಡನ್ನಿನ ನ್ಯೂಗೇಟ್ ಜೈಲಿನಲ್ಲಿದ್ದ, ಗಲ್ಲಿಗೆ ಹೋಗಲಿರುವವರ ಕೋಣೆಯಲ್ಲಿ. ಅಲ್ಲಿ ಒಬ್ಬ ಕಪ್ಪು ಮನುಷ್ಯ ಕಾಯಿಲೆ ಬಿದ್ದಿದ್ದ. ಒಡೆಯನ ಮನೆಯಲ್ಲಿ ಕದ್ದ ತಪ್ಪಿಗೆ ಸಾವಿನ ಶಿಕ್ಷೆ. ಚಾರ್ಲ್ಸ್ ಅವನಿಗೆ ಶಿಲುಬೆಯ ಕಥೆ ಹೇಳಿದ. ದೇವರ ಮಗ ಪಟ್ಟ ಪಾಡನ್ನೆಲ್ಲ ಬಿಡಿಸಿ ಹೇಳಿದ. ಆ ಮನುಷ್ಯ ಬೆರಗಾಗಿ ಕೇಳುತ್ತಿದ್ದ. ಕೆನ್ನೆಯ ಮೇಲೆ ನೀರು ಇಳಿಯಿತು. "ಏನು! ಅದು ನನಗೋಸ್ಕರಾನಾ? ನನ್ನಂಥ ಬಡಪ್ರಾಣಿಗೋಸ್ಕರ ದೇವರು ಇಷ್ಟೆಲ್ಲ ಅನುಭವಿಸಿದನಾ?" ಅಂತ ಕೂಗಿದ. ದಿನಚರಿಯಲ್ಲಿ ಆ ಮಾತು ಹಾಗೇ ಇದೆ.

ಜೀವನದಲ್ಲಿ ಯಾರೂ ಯಾವುದನ್ನೂ ಅವನಿಗೋಸ್ಕರ ಮಾಡಿರಲಿಲ್ಲ. ದುಡಿಸಿಕೊಂಡಿದ್ದರು ಅಷ್ಟೇ. ಅವನ ಬಾಯಲ್ಲಿ ಆ ಮಾತಿಗೆ ಬಂದ ತೂಕ ಯಾವ ಪಂಡಿತನ ಬಾಯಲ್ಲೂ ಬರಲಾರದು.

ಜುಲೈ 19ರಂದು ಕೈದಿಗಳನ್ನು ಗಾಡಿಯಲ್ಲಿ ಟೈಬರ್ನ್‌ಗೆ ಒಯ್ದರು. ಅಲ್ಲೇ ನೇಣುಗಂಬ. ನೋಡಲು ಜಾತ್ರೆಯಂತೆ ಜನ. ಚಾರ್ಲ್ಸ್ ಗಾಡಿ ಹತ್ತಿ ಕೈದಿಗಳ ನಡುವೆ ನಿಂತ. ಕೊರಳಿಗೆ ಹಗ್ಗ ಬಿದ್ದವರ ಜೊತೆ ಹಾಡಿದ. ಒಂದು, ತಂದೆ ಸ್ಯಾಮ್ಯುಯೆಲ್ ವೆಸ್ಲಿ ಬರೆದ ಶಿಲುಬೆಯ ಹಾಡು. ಇನ್ನೊಂದು ಆಗಿನ ಹೆಸರಾಂತ ಭಕ್ತಿಗೀತೆಗಳ ಕವಿ ಐಸಾಕ್ ವಾಟ್ಸ್ ಬರೆದದ್ದು. ಅದರ ಕೊನೆಗೆ ಬರುವ ಮಾತು: ತಪ್ಪಿತಸ್ಥ, ಬಲಹೀನ, ಗತಿಯಿಲ್ಲದ ಹುಳು ನಾನು, ನಿನ್ನ ಕೈಯೊಳಗೆ ಬೀಳುತ್ತೇನೆ. ಆ ನೇಣುಗಂಬದ ಕೆಳಗಿನ ಗಳಿಗೆ ನನ್ನ ಬದುಕಿನಲ್ಲೇ ಧನ್ಯವಾದ ಗಳಿಗೆ ಅಂತ ಚಾರ್ಲ್ಸ್ ಬರೆದುಕೊಂಡ.

ನಿಮ್ಮ ಮಗಳಿಗೆ ಇರಿಸುಮುರಿಸು ತಂದ ಆ 'ಹುಳು' ಇಲ್ಲಿದೆ ನೋಡಿ. ಎಸಿ ಹಾಕಿದ ಹಾಲಿನಲ್ಲಿ, ಊಟ ಮಾಡಿ ಬಂದವರು ಹಾಡಿದರೆ ಅದು ಬೂಟಾಟಿಕೆ ಅನ್ನಿಸಿದರೆ ತಪ್ಪಿಲ್ಲ. ಗಾಡಿಯ ಮೇಲೆ ನಿಂತು, ಇನ್ನು ಕಾಲು ಗಂಟೆಯಲ್ಲಿ ಗಾಡಿ ಮುಂದೆ ಹೋಗುತ್ತದೆ ಅಂತ ಗೊತ್ತಿದ್ದವರು ಹಾಡಿದಾಗ ಅದು ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದು. ಇನ್ನೊಂದು ವಿಷಯ. ಆ ಪದ ಇವರ ಸ್ವಂತದ್ದೂ ಅಲ್ಲ. 22ನೇ ಕೀರ್ತನೆಯದು: ನಾನಾದರೋ ಹುಳವೇ ಹೊರತು ಮನುಷ್ಯನಲ್ಲ. ಶಿಲುಬೆಯ ಮೇಲೆ ಯೇಸು ಕೂಗಿದ ಮಾತು ಅದೇ ಕೀರ್ತನೆಯ ಮೊದಲ ಸಾಲು. ಹಾಗಾಗಿ ಹದಿನೆಂಟನೇ ಶತಮಾನದ ಕಿವಿಗೆ 'ಹುಳು' ಅಂದಾಗ ತನ್ನ ಕೀಳುತನ ಮಾತ್ರ ಕೇಳಿಸುತ್ತಿರಲಿಲ್ಲ. ಆ ಕೀಳಿನ ತನಕ ಇಳಿದು ಬಂದವನೊಬ್ಬನ ಧ್ವನಿಯೂ ಕೇಳಿಸುತ್ತಿತ್ತು. ನಮಗೆ ಅದು ಕೇಳಿಸುವುದಿಲ್ಲ. ಅದಕ್ಕೇ ಹಲವು ಹಾಡುಪುಸ್ತಕಗಳು ಆ ಪದವನ್ನು ಬದಲಾಯಿಸಿದ್ದರೆ ನನಗೆ ಆಕ್ಷೇಪವೇನೂ ಇಲ್ಲ.

ರಕ್ತದ ಮಾತಿಗೂ ಒಂದು ಹಿನ್ನೆಲೆ ಇದೆ. ಅದರಲ್ಲಿ ದೊಡ್ಡ ಪಾಲು ಮೊರಾವಿಯನ್ನರಿಂದ ಬಂದದ್ದು. ಜಾನ್ ಜರ್ಮನ್ ಕಲಿತು ಅವರ ಹಾಡುಗಳನ್ನು ಇಂಗ್ಲಿಷಿಗೆ ತಂದ. ಆಮೇಲೆ ಮೊರಾವಿಯನ್ನರು ಯೇಸುವಿನ ಪಕ್ಕೆಯ ಗಾಯವನ್ನೇ ಮುದ್ದು ಮಾಡುವ ಹಾಡುಗಳಿಗೆ ಇಳಿದಾಗ ಜಾನ್ ಮೂಗು ಮುರಿದ. ದೇವರನ್ನು ಮುದ್ದುಗರೆಯುವ ಮಾತು ನನ್ನ ಅನುವಾದಗಳಲ್ಲಿ ಬರದಂತೆ ನೋಡಿಕೊಂಡಿದ್ದೇನೆ ಅಂತ ಮುದುಕನಾದ ಮೇಲೂ ಹೇಳಿದ. ತಮ್ಮನಿಗೂ ಈ ವಿಷಯದಲ್ಲಿ ರಿಯಾಯಿತಿ ಇರಲಿಲ್ಲ. 'ಜೀಸು, ಲವರ್ ಆಫ್ ಮೈ ಸೋಲ್' ನಿಮಗೆ ಗೊತ್ತಿರುವ ಹಾಡೇ. 1740ರಲ್ಲಿ ಅಚ್ಚಾದದ್ದು, ಶೋಧನೆಯ ಹೊತ್ತಿಗೆ ಅನ್ನುವ ತಲೆಬರಹದಲ್ಲಿ. ಜಾನ್ 1780ರಲ್ಲಿ ತಂದ ದೊಡ್ಡ ಹಾಡುಪುಸ್ತಕದಲ್ಲಿ ಅದು ಇಲ್ಲವೇ ಇಲ್ಲ. ಆ 'ಲವರ್' ಅನ್ನುವ ಪದವೇ ಕಾರಣ ಅಂತ ಬಹಳ ಮಂದಿ ಊಹಿಸುತ್ತಾರೆ.

ಚಾರ್ಲ್ಸ್‌ಗೆ ಮಾತ್ರ ಅಂಥ ಮಡಿ ಇರಲಿಲ್ಲ. ಪದ ಎಲ್ಲಿ ಸಿಕ್ಕಿದರೂ ಎತ್ತಿಕೊಳ್ಳುತ್ತಿದ್ದ. 'ಆಂಡ್ ಕ್ಯಾನ್ ಇಟ್ ಬಿ' ಹಾಡಿನ ನಾಲ್ಕನೇ ಚರಣ ನೆನಪಿಸಿಕೊಳ್ಳಿ. ಬಹಳ ಕಾಲ ನನ್ನ ಆತ್ಮ ಸೆರೆಯಲ್ಲಿ ಬಿದ್ದಿತ್ತು, ನಿನ್ನ ಕಣ್ಣು ಜೀವ ಕೊಡುವ ಒಂದು ಕಿರಣ ಚೆಲ್ಲಿತು, ಎಚ್ಚರವಾಯಿತು, ನೆಲಮಾಳಿಗೆಯೆಲ್ಲ ಬೆಳಕು, ಸಂಕೋಲೆ ಕಳಚಿ ಬಿತ್ತು. ಚಿತ್ರ ಬಂದದ್ದು ಅಪೊಸ್ತಲರ ಕೃತ್ಯಗಳಲ್ಲಿ ಪೇತ್ರ ಜೈಲಿನಿಂದ ಹೊರಬರುವ ಕಥೆಯಿಂದ. ಆದರೆ ಕಣ್ಣು ಕಿರಣ ಚೆಲ್ಲುವ ಆ ಸಾಲು ಆ ಕಾಲದ ಕವಿ ಅಲೆಕ್ಸಾಂಡರ್ ಪೋಪ್‌ನ ಒಂದು ಪದ್ಯದಿಂದ ಬಂದದ್ದು, ಅಗಲಿದ ಪ್ರೇಮಿಗೆ ಒಬ್ಬ ಸನ್ಯಾಸಿನಿ ಬರೆಯುವ ಓಲೆಯ ಪದ್ಯ ಅದು. ವಿರಹದ ಸಾಲನ್ನು ಎತ್ತಿ ರಕ್ಷಣೆಯ ಹಾಡಿಗೆ ಕೂರಿಸಿದ್ದಾನೆ. ಹೊಲಿಗೆ ಎಲ್ಲಿದೆ ಅಂತ ಗೊತ್ತೇ ಆಗುವುದಿಲ್ಲ.

ಇವರು ನರಳಾಟವನ್ನು ಮೆಚ್ಚುತ್ತಿದ್ದರಾ ಅನ್ನುವುದಕ್ಕೆ ಒಂದು ಪ್ರಸಂಗ ಹೇಳಲೇಬೇಕು. ಆಗಿನ ಕೂಟಗಳಲ್ಲಿ ಜನ ಕಿರುಚುವುದು, ನೆಲಕ್ಕೆ ಬಿದ್ದು ಹೊರಳುವುದು ನಡೆಯುತ್ತಿತ್ತು. 1743ರಲ್ಲಿ ನ್ಯೂಕಾಸಲ್‌ನಲ್ಲಿ ಚಾರ್ಲ್ಸ್ ಎದುರಿಗೆ ಒಬ್ಬ ಬಿದ್ದು ಎದೆ ಬಡಿದುಕೊಳ್ಳತೊಡಗಿದ. ತಡೆಯುವುದು ಯಾಕೆ ಅಂತ ಚಾರ್ಲ್ಸ್ ಅವನ ಪಾಡಿಗೆ ಬಿಟ್ಟ. ಒಬ್ಬಳು ಹುಡುಗಿಯನ್ನು ಹೊರಗೆ ಎತ್ತಿಕೊಂಡು ಹೋಗಲು ಹೇಳಿದ. ಕೈಕಾಲು ಸ್ವಾಧೀನ ತಪ್ಪಿದ್ದವಳು, ಬಾಗಿಲಾಚೆ ಮಲಗಿಸಿ ಬಂದ ಕೂಡಲೇ ಎದ್ದು ನಡೆದುಹೋದಳು! ಜೋರಾಗಿ ಕಿರುಚುವವರನ್ನು ಮೆಲ್ಲಗೆ ಕೋಣೆಯ ಮೂಲೆಗೆ ಸಾಗಿಸುತ್ತೇವೆ ಅಂತ ಸಾರಿದ ಮೇಲೆ, ಎತ್ತಲು ನಿಲ್ಲಿಸಿದ್ದ ಆಳುಗಳಿಗೆ ಇಡೀ ರಾತ್ರಿ ಕೆಲಸವೇ ಇರಲಿಲ್ಲ ಅಂತ ಬರೆದಿದ್ದಾನೆ. ಓದುವಾಗ ಅವನ ತುಂಟನಗೆ ಕಾಣುತ್ತದೆ. ಕಣ್ಣೀರಿನ ಹಾಡು ಬರೆದವನೇ ಇವನು.

ನಿಮ್ಮ ಮಗಳ ಪ್ರಶ್ನೆಗೆ ನೇರ ಉತ್ತರ ಇರುವ ಹಾಡು ಬೇರೆ ಇದೆ. ಅದರ ಮೊದಲ ಸಾಲು 'ಕಮ್, ಓ ದೌ ಟ್ರಾವೆಲರ್ ಅನ್‌ನೋನ್'. 1742ರಲ್ಲಿ 'ಸೆಣಸುವ ಯಾಕೋಬ' ಅನ್ನುವ ಹೆಸರಲ್ಲಿ ಬಂತು. ಆರು ಸಾಲಿನ ಹದಿನಾಲ್ಕು ಚರಣ. ಉದ್ದ ಜಾಸ್ತಿ ಅಂತಲೋ ಏನೋ, ನಮ್ಮಲ್ಲಿ ಹಾಡುವುದು ಅಪರೂಪ. ಆದಿಕಾಂಡದ 32ನೇ ಅಧ್ಯಾಯದ ಕಥೆ. ಯಾಕೋಬ ಅಣ್ಣ ಏಸಾವನಿಗೆ ಹೆದರಿ, ಹೆಂಡತಿ ಮಕ್ಕಳನ್ನು ಯಬ್ಬೋಕ್ ಹೊಳೆ ದಾಟಿಸಿ, ಒಬ್ಬನೇ ಉಳಿದಿದ್ದಾನೆ. ಕತ್ತಲಲ್ಲಿ ಯಾರೋ ಬಂದು ಕೈಮಿಲಾಯಿಸುತ್ತಾರೆ. ಬೆಳಗಿನ ತನಕ ಕುಸ್ತಿ.

ಚಾರ್ಲ್ಸ್ ಈ ಕಥೆಯನ್ನು ಯಾಕೋಬನ ಬಾಯಿಂದಲೇ ಹೇಳಿಸುತ್ತಾನೆ. ನನ್ನ ಜೊತೆಯವರು ಮುಂದೆ ಹೋದರು, ನಾನು ನಿನ್ನ ಜೊತೆ ಒಬ್ಬನೇ ಉಳಿದೆ, ರಾತ್ರಿಯೆಲ್ಲ ಇಲ್ಲೇ ಇರುತ್ತೇನೆ, ಬೆಳಗಾಗುವ ತನಕ ಸೆಣಸುತ್ತೇನೆ. ನಾನು ಯಾರು ಅಂತ ಹೇಳಬೇಕಾಗಿಲ್ಲ, ನನ್ನ ಪಾಪ ನಿನಗೆ ಗೊತ್ತು. ನೀನು ಯಾರು? ಈ ಪ್ರಶ್ನೆ ಚರಣದಿಂದ ಚರಣಕ್ಕೆ ಮರಳಿ ಮರಳಿ ಬರುತ್ತದೆ. ನಿನ್ನ ಹೆಸರು ಹೇಳು. ಹೇಳುವ ತನಕ ಬಿಡುವುದಿಲ್ಲ. ಉತ್ತರ ಇಲ್ಲ. ಮೈ ಸೋಲುತ್ತಾ ಬರುತ್ತದೆ, ಪಟ್ಟು ಮಾತ್ರ ಸಡಿಲುವುದಿಲ್ಲ. ನನ್ನ ಕೈ ಸೋತಾಗಲೇ ನಿನ್ನನ್ನು ಗೆಲ್ಲುತ್ತೇನೆ ಅನ್ನುತ್ತಾನೆ. ಆಮೇಲೆ ಒಂಬತ್ತನೇ ಚರಣದಲ್ಲಿ ಕಟ್ಟೆ ಒಡೆಯುತ್ತದೆ: ಪ್ರೀತಿ! ನೀನು ಪ್ರೀತಿ! ನನಗೋಸ್ಕರ ಸತ್ತವನು ನೀನು! ನಿನ್ನ ಪಿಸುಮಾತು ನನ್ನ ಎದೆಯಲ್ಲಿ ಕೇಳಿಸಿತು. ಬೆಳಗಾಗುತ್ತಿದೆ, ನೆರಳುಗಳು ಓಡುತ್ತಿವೆ.

ಮತ್ತೆ ಅದೇ 'ನನಗೋಸ್ಕರ'. ಬ್ರೇಯ ಮನೆಯ ಹಾಸಿಗೆಯಲ್ಲಿ ಹುಡುಕಿದ್ದು, ನ್ಯೂಗೇಟಿನ ಕೈದಿ ಕೂಗಿದ್ದು.

ಇಲ್ಲಿಗೆ ಹಾಡು ಮುಗಿದಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಕಥೆಯಲ್ಲಿ ಆ ಅಪರಿಚಿತ ಯಾಕೋಬನ ತೊಡೆಯ ಕೀಲು ಮುಟ್ಟುತ್ತಾನೆ, ಕೀಲು ತಪ್ಪುತ್ತದೆ. ಹೆಸರು ಗೊತ್ತಾದ ಮೇಲೂ ಆ ಕಾಲು ಸರಿಹೋಗುವುದಿಲ್ಲ. ಚಾರ್ಲ್ಸ್ ಅದನ್ನು ಮರೆಸುವುದಿಲ್ಲ. ಬದುಕಿನ ದಾರಿ ಮುಗಿಯುವ ತನಕ ಕುಂಟುತ್ತೇನೆ, ನನಗೆ ತೃಪ್ತಿ ಇದೆ ಅನ್ನಿಸುತ್ತಾನೆ. ಮುಂದಿನ ಚರಣದಲ್ಲಿ ಅದೇ ಕುಂಟ ಕುಣಿಯುತ್ತಾನೆ, ಜಿಂಕೆಯ ಹಾಗೆ ನೆಗೆದು ಮನೆಗೆ ಓಡುತ್ತಾನೆ. ವಾಸಿಯಾದ ಮೇಲೆ ಅಲ್ಲ, ಕುಂಟುತ್ತಲೇ. ದೇವರ ಅನುಭವ ಆಯಿತು ಅಂದರೆ ನೋವು ಹೋಯಿತು ಅಂತಲೂ ಅಲ್ಲ. ನೋವು ಇದೆ ಅಂದರೆ ದೇವರು ಬರಲಿಲ್ಲ ಅಂತಲೂ ಅಲ್ಲ. ಎರಡನ್ನೂ ಒಂದೇ ಮೈಯಲ್ಲಿ ಕೂರಿಸಿದ ಇಂಥ ಪದ್ಯ ಆ ಕಾಲದ ಇಂಗ್ಲಿಷಿನಲ್ಲಿ ಇನ್ನೊಂದಿಲ್ಲ ಅಂತ ನನ್ನ ಅನಿಸಿಕೆ. ತಾನು ಬರೆದದ್ದೆಲ್ಲ ಸೇರಿದರೂ ಈ ಒಂದು ಪದ್ಯಕ್ಕೆ ಸಮ ಅಂತ ವಾಟ್ಸ್ ಹೇಳಿದ್ದನ್ನು ಜಾನ್ ದಾಖಲಿಸಿದ್ದಾನೆ. ಅಷ್ಟು ದೊಡ್ಡ ಕವಿ ಹಾಗೆ ಹೇಳಿದ್ದು ಸಣ್ಣ ಮಾತಲ್ಲ.

ಹೊರಗಿನಿಂದ ಬಂದ ಪೆಟ್ಟುಗಳೂ ಇದ್ದವು. ಬಯಲಲ್ಲಿ ನಿಂತು ಬೋಧಿಸುವವರನ್ನು ಕಂಡರೆ ಊರಿನ ದೊಡ್ಡವರಿಗೆ ಆಗುತ್ತಿರಲಿಲ್ಲ. 1743ರ ಅಕ್ಟೋಬರಿನಲ್ಲಿ ವೆನ್ಸ್‌ಬರಿಯಲ್ಲಿ ಗಲಭೆ ಆಯಿತು. ಗುಂಪು ಜಾನ್‌ನನ್ನು ಗಂಟೆಗಟ್ಟಲೆ ಎಳೆದಾಡಿತು. ತಪ್ಪಿಸಿಕೊಂಡು ಬಂದ ಅಣ್ಣನ ಬಟ್ಟೆ ಚಿಂದಿಯಾಗಿತ್ತು, ಕ್ರಿಸ್ತನ ಸಿಪಾಯಿಯ ಹಾಗೆ ಕಂಡ ಅಂತ ಚಾರ್ಲ್ಸ್ ಬರೆದ. ಮರುವರ್ಷ ಕಷ್ಟಕಾಲ, ಹಿಂಸೆಯ ಕಾಲಕ್ಕೆ ಅಂತಲೇ ಒಂದು ಹಾಡುಪುಸ್ತಕ ಬಂತು. ಅದರಲ್ಲಿ ಗಲಭೆಯ ನಡುವೆ ಹಾಡಲು ಅನ್ನುವ ತಲೆಬರಹದ ಹಾಡುಗಳಿವೆ. ನಾವು ಹಬ್ಬದ ದಿನ ಮೆರವಣಿಗೆಯಲ್ಲಿ ಜೋರಾಗಿ ಹಾಡುವ 'ಯೀ ಸರ್ವೆಂಟ್ಸ್ ಆಫ್ ಗಾಡ್' ಅಂಥದ್ದರಲ್ಲೊಂದು. ಗಲಭೆಯ ನೆನಪಿನ ಚರಣಗಳು ಆಮೇಲೆ ಉದುರಿಹೋದವು, ಖುಷಿ ಉಳಿಯಿತು.

ಈ ನೋವಿನ ಭಾಷೆಯೇ ಚಾರ್ಲ್ಸ್‌ನನ್ನು ಒಮ್ಮೆ ಸಿಕ್ಕಿಸಿಹಾಕಿತು. 1744ರ ಮಾರ್ಚಿನಲ್ಲಿ ಯಾರ್ಕ್‌ಷೈರಿನಲ್ಲಿ ಪ್ರಾರ್ಥಿಸುವಾಗ, ದೂರ ತಳ್ಳಲ್ಪಟ್ಟ ನಿನ್ನವರನ್ನು ಮನೆಗೆ ಕರೆದುಕೋ ಅಂದಿದ್ದ. ಆಗ ಗಡೀಪಾರಾಗಿದ್ದ ಸ್ಟುವರ್ಟ್ ರಾಜಮನೆತನ ಸೇನೆ ಕಟ್ಟಿಕೊಂಡು ವಾಪಸ್ ಬರುತ್ತದೆ ಅನ್ನುವ ಸುದ್ದಿ. ಇವನು ರಾಜದ್ರೋಹಿ ಅಂತ ಯಾರೋ ದೂರು ಕೊಟ್ಟರು. ವೇಕ್‌ಫೀಲ್ಡ್‌ನ ನ್ಯಾಯಾಧಿಕಾರಿಗಳ ಮುಂದೆ ನಿಂತು, ನಾನು ಹೇಳಿದ್ದು ಪಾಪಿಗಳ ಬಗ್ಗೆ ಸ್ವಾಮಿ, ಪರಲೋಕದ ಮನೆ ಬಗ್ಗೆ, ಅಂತ ಬಿಡಿಸಿ ಹೇಳಬೇಕಾಯಿತು!

1780ರ ಪುಸ್ತಕದ ವಿಷಯಕ್ಕೆ ಬರೋಣ. 525 ಹಾಡುಗಳು. ಜಾನ್ ಅವನ್ನು ಸುಮ್ಮನೆ ಗುಡ್ಡೆ ಹಾಕಲಿಲ್ಲ. ನಿಜವಾದ ವಿಶ್ವಾಸಿಗಳ ಅನುಭವದ ಕ್ರಮದಲ್ಲಿ ಜೋಡಿಸಿದ್ದೇನೆ ಅಂತ ಮುನ್ನುಡಿಯಲ್ಲಿ ಹೇಳಿದ. ನಂಬಿದವರಿಗೆ ಇರುವ ಭಾಗದ ತಲೆಬರಹಗಳು ಹೀಗೆ ಸಾಗುತ್ತವೆ: ಹಿಗ್ಗುವವರಿಗೆ, ಹೋರಾಡುವವರಿಗೆ, ಪ್ರಾರ್ಥಿಸುವವರಿಗೆ, ಎಚ್ಚರವಾಗಿರುವವರಿಗೆ, ದುಡಿಯುವವರಿಗೆ, ನೋವಿನಲ್ಲಿರುವವರಿಗೆ. ಹಿಗ್ಗು ಮೊದಲು ಬರುತ್ತದೆ, ನೋವು ಆಮೇಲೆ. ನೋವು ದೇವರ ಮನೆಯ ಹೊಸ್ತಿಲಾಗಿದ್ದರೆ ಅದು ಮೊದಲ ಪುಟಗಳಲ್ಲಿ ಇರಬೇಕಿತ್ತು. ಇಲ್ಲಿ ಅದು ಒಳಮನೆಯ ಒಂದು ಕೋಣೆ. ದಾರಿ ಹಿಡಿದವರಿಗೆ ಇದೂ ಬರುತ್ತದೆ, ಬಂದಾಗ ಹಾಡಲು ಇಷ್ಟು ಹಾಡುಗಳಿವೆ, ಅಷ್ಟೇ. (ಅದೇ ಮುನ್ನುಡಿಯಲ್ಲಿ, ನಮ್ಮ ಹಾಡುಗಳನ್ನು ಬೇಕಾದರೆ ಅಚ್ಚು ಹಾಕಿಕೊಳ್ಳಿ, ತಿದ್ದಲು ಮಾತ್ರ ಹೋಗಬೇಡಿ, ನಿಮ್ಮ ಕೈಲಿ ಆಗುವುದಿಲ್ಲ ಅಂತಲೂ ಇದೆ. ಮೇಲೆ ಹುಳುವನ್ನು ಬದಲಾಯಿಸಿದರೆ ತಪ್ಪಿಲ್ಲ ಅಂದೆನಲ್ಲ, ಜಾನ್ ಕೇಳಿದ್ದರೆ ನನಗೆ ಚೆನ್ನಾಗಿ ಬೀಳುತ್ತಿತ್ತು.) 1821ರಲ್ಲಿ ವೆಸ್ಲಿಯನ್ ಮಿಷನರಿಗಳು ಬೆಂಗಳೂರಿಗೆ ಬಂದರು. ನಿಮ್ಮ ಮನೆಯ ತನಕ ಮುಟ್ಟಿರುವುದು ಅದೇ ಪುಸ್ತಕದ ಪರಂಪರೆ.

ಒಂದು ವಿಷಯದಲ್ಲಿ ಮಾತ್ರ ಅಣ್ಣ ತಮ್ಮಂದಿರಿಗೇ ಒಮ್ಮತ ಇರಲಿಲ್ಲ. ನಿಮ್ಮ ಮಗಳ ಪ್ರಶ್ನೆಯ ತಿರುಳೂ ಅದೇ. ವಿಶ್ವಾಸಿಯ ಮನಸ್ಸಿಗೆ ಕತ್ತಲು ಕವಿಯುತ್ತದಲ್ಲ, ಅದನ್ನು ದೇವರೇ ಕಳಿಸುತ್ತಾನಾ, ನಮ್ಮನ್ನು ಪುಟಕ್ಕಿಡಲು? ಚಾರ್ಲ್ಸ್ ವಯಸ್ಸಾದಂತೆ ಹೌದು ಅನ್ನುವ ಕಡೆ ವಾಲಿದ. 1762ರಲ್ಲಿ ಬೈಬಲಿನ ವಚನಗಳ ಮೇಲೆ ಎರಡು ಸಾವಿರಕ್ಕೂ ಜಾಸ್ತಿ ಪುಟ್ಟ ಹಾಡುಗಳನ್ನು ಅಚ್ಚು ಹಾಕಿಸಿದ, ಅಣ್ಣನಿಗೆ ತೋರಿಸದೆ. ಶುದ್ಧರಾಗುವುದು ನಿಧಾನ, ಅಡವಿಯ ದಾರಿ, ಸಾಯುವ ಹೊತ್ತಿಗೆ ಮುಗಿದರೆ ಪುಣ್ಯ ಅನ್ನುವ ಧಾಟಿ ಅವುಗಳಲ್ಲಿ ಎದ್ದು ಕಾಣುತ್ತದೆ. ಜಾನ್‌ಗೆ ಇದು ಹಿಡಿಸಲಿಲ್ಲ.

ಜಾನ್ 1760ರಲ್ಲೇ ಇದರ ಬಗ್ಗೆ ಎರಡು ಬೋಧನೆಗಳನ್ನು ಅಚ್ಚು ಹಾಕಿಸಿದ್ದ. ಕತ್ತಲು ಬೇರೆ, ಭಾರ ಬೇರೆ ಅನ್ನುವುದು ಅವನ ವಾದ. ಕತ್ತಲು ಅಂದರೆ ನಂಬಿಕೆಯೇ ಹೋಗುವುದು. ಅದನ್ನು ದೇವರು ತರುವುದಿಲ್ಲ, ಆತ ನಮ್ಮನ್ನು ಬಿಡುವುದಿಲ್ಲ, ಬಿಡುವವರು ನಾವು. ಭಾರ ಅಂದರೆ ದುಃಖ. ಅದು ನಂಬಿಕೆ ಗಟ್ಟಿಯಾಗಿರುವಾಗಲೂ ಬರುತ್ತದೆ. ಯಾಕೆ ಬರುತ್ತದೆ ಅಂತ ಪಟ್ಟಿ ಮಾಡುವಾಗ ಅವನು ಮೊದಲು ಹೇಳುವುದು ಕಾಯಿಲೆ. ನಂಬಿಕೆ ಪ್ರಕೃತಿಯ ನಿಯಮವನ್ನು ತಲೆಕೆಳಗು ಮಾಡುವುದಿಲ್ಲ, ಜ್ವರ ಬಂದಾಗ ನಾಡಿ ಏರುವುದನ್ನು ನಂಬಿಕೆ ಹೇಗೆ ತಡೆಯುವುದಿಲ್ಲವೋ ಹಾಗೇ ಕಾಯಿಲೆಯಿಂದ ಮನಸ್ಸು ಕುಸಿಯುವುದನ್ನೂ ತಡೆಯುವುದಿಲ್ಲ ಅನ್ನುತ್ತಾನೆ. ಮನಸ್ಸು ಸರಿಯಿಲ್ಲ ಅಂದವರಿಗೆ ನಿನ್ನ ಪ್ರಾರ್ಥನೆ ಸಾಲದು ಅನ್ನುವವರು ಇವತ್ತಿಗೂ ಇದ್ದಾರಲ್ಲ, ಅವರಿಗೆ ಈ ಪುಟ ಓದಿಸಬೇಕು.

ಆಮೇಲೆ ಬಡತನದ ಮಾತಿಗೆ ಬರುತ್ತಾನೆ. ಲಂಡನ್ನಿನಲ್ಲಿ ಒಬ್ಬಳು ತಿಪ್ಪೆಯಿಂದ ಕೊಳೆತು ನಾರುವ ಸಣ್ಣ ಮೀನು ಆರಿಸಿಕೊಂಡು ಮಕ್ಕಳಿಗೆ ಅಂತ ಮನೆಗೆ ಒಯ್ಯುವುದನ್ನು ಬಲ್ಲೆ. ಇನ್ನೊಬ್ಬರು ನಾಯಿ ಬಿಟ್ಟ ಎಲುಬು ಆರಿಸಿ ಸಾರು ಮಾಡುವುದನ್ನು ಬಲ್ಲೆ. ಇವರಿಗೆ ಯಾಕೆ ಮನಸ್ಸು ಭಾರ ಅಂತ ಕೇಳುತ್ತೀರಾ? ಹೊಟ್ಟೆ ತುಂಬಿದವರು ನೋವಿನಿಂದ ಆತ್ಮ ಬೆಳೆಯುತ್ತದೆ ಅಂತ ಸುಲಭವಾಗಿ ಹೇಳಿಬಿಡುತ್ತಾರೆ. ತಿಪ್ಪೆಯ ಮೀನು ನೋಡಿದವನಿಗೆ ಹಾಗೆ ಹೇಳಲು ಬಾಯಿ ಬರುವುದಿಲ್ಲ. ಈ ಜಗಳದಲ್ಲಿ ನಾನು ಅಣ್ಣನ ಕಡೆ.

ಆದರೂ ತಮ್ಮ ಯಾಕೆ ಹಾಗೆ ಬರೆದ ಅನ್ನುವುದನ್ನು ಅವನ ಮನೆಯೊಳಗೆ ಹೋಗಿ ನೋಡಬೇಕು. ಚಾರ್ಲ್ಸ್ 1749ರಲ್ಲಿ ವೇಲ್ಸ್‌ನ ಸಾರಾ ಗ್ವಿನ್‌ಳನ್ನು ಮದುವೆಯಾದ. ಎಂಟು ಮಕ್ಕಳು ಹುಟ್ಟಿದವು. ಐದು ಎಳೆತನದಲ್ಲೇ ಹೋದವು. ಮೊದಲ ಮಗ ಜಾಕಿ. 1753ರ ಕೊನೆಗೆ ಸಾರಾಗೆ ಸಿಡುಬು ತಗುಲಿತು. ಅವಳು ಉಳಿದಳು, ಮುಖದ ಚೆಲುವು ಉಳಿಯಲಿಲ್ಲ. ಅದೇ ಸಿಡುಬು ಮಗುವಿಗೂ ಬಂತು. 1754ರ ಜನವರಿಯಲ್ಲಿ ಜಾಕಿ ತೀರಿಕೊಂಡ. ಒಂದೂಕಾಲು ವರ್ಷ ದಾಟಿತ್ತಷ್ಟೇ. ಅವನ ಕೂದಲನ್ನು ಸಾರಾ ಒಂದು ಕಾಗದದಲ್ಲಿ ಮಡಿಸಿ ಇಟ್ಟುಕೊಂಡಳು. ಮೇಲೆ ಹೆಸರು, ಸತ್ತ ದಿನ ಬರೆದಳು. ವಯಸ್ಸನ್ನು ವರ್ಷ, ತಿಂಗಳು, ದಿನದ ಲೆಕ್ಕದಲ್ಲಿ ಬರೆದಳು. ಮಗುವನ್ನು ಕಳೆದುಕೊಂಡ ದಾವೀದನ ಮಾತನ್ನೂ ಬರೆದಳು: ನಾನು ಅವನ ಬಳಿಗೆ ಹೋಗುತ್ತೇನೆ, ಅವನು ನನ್ನ ಬಳಿಗೆ ಬರುವುದಿಲ್ಲ.

ಚಾರ್ಲ್ಸ್ ಆಗ ಬರೆದ ಪದ್ಯದಲ್ಲಿ ಸಮಾಧಾನ ಬೇಗ ಬರುವುದಿಲ್ಲ. ಭೂಮಿಯ ಮೇಲಿನ ನನ್ನ ಸುಖ ಹೋಯಿತು ಅಂತಲೇ ಹೇಳುತ್ತಾನೆ. ಅವನ ಬದಲು ನಾನು ಸಾಯಬಾರದಿತ್ತೇ ಅನ್ನುತ್ತಾನೆ. ಇಲ್ಲೂ ಒಬ್ಬರಿಗೋಸ್ಕರ ಇನ್ನೊಬ್ಬರು ಸಾಯುವ ಮಾತೇ. ಈ ಸಲ ಅದನ್ನು ಬಯಸುತ್ತಿರುವವನು ಅಪ್ಪ, ಅದು ಅವನ ಕೈಲಿ ಆಗುವುದಿಲ್ಲ. ಆರು ಸಾವಿರಕ್ಕೂ ಜಾಸ್ತಿ ಹಾಡು ಬರೆದವನ ಬಾಯಿ ಇಲ್ಲಿ ತಡವರಿಸುತ್ತದೆ. ಮಗಳಿಗೆ ಇವರು ನೋವನ್ನು ಮೆಚ್ಚುತ್ತಿದ್ದರು ಅಂತ ಇನ್ನೂ ಅನ್ನಿಸಿದರೆ ಈ ಪದ್ಯ ತೋರಿಸಿ.

ಚಾರ್ಲ್ಸ್ 1788ರ ಮಾರ್ಚ್ 29ರಂದು ತೀರಿಕೊಂಡ. ಸುದ್ದಿ ಹೇಳುವ ಪತ್ರ ಜಾನ್‌ಗೆ ತಡವಾಗಿ ತಲುಪಿತು, ಮಣ್ಣಿಗೂ ಹೋಗಲಾಗಲಿಲ್ಲ. ಎರಡು ವಾರದ ಮೇಲೆ ಬೋಲ್ಟನ್‌ನಲ್ಲಿ ಆರಾಧನೆ ನಡೆಸುತ್ತಿದ್ದಾಗ ಅವನು ಹಾಡಿಗೆ ಆರಿಸಿದ್ದು ತಮ್ಮನ ಯಾಕೋಬನನ್ನೇ ಅಂತ ಹೇಳುತ್ತಾರೆ. ಮೊದಲ ಚರಣದಲ್ಲೇ ಆ ಸಾಲು ಬರುತ್ತದಲ್ಲ, ನನ್ನ ಜೊತೆಯವರು ಮುಂದೆ ಹೋದರು, ನಾನು ನಿನ್ನ ಜೊತೆ ಉಳಿದೆ. 84 ವರ್ಷದ ಮುದುಕ ಅಲ್ಲಿಗೆ ನಿಂತುಬಿಟ್ಟ. ಪೀಠದಲ್ಲೇ ಕೂತು ಮುಖ ಮುಚ್ಚಿಕೊಂಡು ಅತ್ತ. ಹಾಡು ಹಾಗೇ ನಿಂತಿತು.

ಸಾಯುವ ಕೆಲವು ದಿನ ಮುಂಚೆ ಚಾರ್ಲ್ಸ್ ಸಾರಾಳನ್ನು ಹತ್ತಿರ ಕರೆದು ಬರೆದುಕೋ ಅಂದಿದ್ದ. ಕೈಯಲ್ಲಿ ಲೇಖನಿ ಹಿಡಿಯುವ ಶಕ್ತಿ ಇರಲಿಲ್ಲ. ಆರೇ ಸಾಲು. ವಯಸ್ಸಾಗಿದೆ, ಬಲ ಪೂರ್ತಿ ಹೋಗಿದೆ, ಪಾಪದ ಈ ಹುಳುವನ್ನು ಯಾರು ಬಿಡಿಸುತ್ತಾರೆ? ನೋಡಿ, ಹುಳು ಇನ್ನೂ ಇದೆ. ಮೈಯೂ ಎದೆಯೂ ಸೋಲುತ್ತಿವೆ, ಯೇಸುವೇ ನೀನೊಬ್ಬನೇ ಆಸರೆ. ಕೊನೆಯ ಎರಡು ಸಾಲಿನಲ್ಲಿ ಅವನು ಕೇಳಿದ್ದು ವಾಸಿಯಾಗುವುದನ್ನೂ ಅಲ್ಲ, ಇನ್ನಷ್ಟು ನೋವನ್ನೂ ಅಲ್ಲ. ನಿನ್ನ ಒಂದು ನಗು ಕಂಡರೆ ಸಾಕು, ಹಾಗೇ ನಿತ್ಯತ್ವಕ್ಕೆ ಜಾರಿಬಿಡುತ್ತೇನೆ ಅಂದ. ಸಾರಾ ಬರೆದುಕೊಂಡಳು.